ಆಗಿದ್ಯಾ, ಆಗ್ಬೇಕಾ?

ಓಣಿಯವರೆಲ್ಲ ಅವನನ್ನು ಕಿವಿಮಾವ ಎಂದೇ ಕರೆಯುತ್ತಿದ್ದರು. ಕಾರು ರಿಪೇರಿ ಅವನ ಕಸುಬು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ, ಕಣ್ಣು ಮುಚ್ಚಿ ಕೂರುತ್ತಿದ್ದ. ರೋಗ ಎಲ್ಲಿದೆ ಎಂದು ಹೇಳುತ್ತಿದ್ದ. ಇಂಜಿನ್ನಿನ ಸದ್ದು ಕೇಳಿ ಕೇಳಿ ಮನುಷ್ಯರ ಮಾತು ಅರ್ಧ ಮಾತ್ರ ಕಿವಿಗೆ ಬೀಳುತ್ತಿತ್ತು. ಹೆಂಡತಿ ಸೊಪ್ಪು ತನ್ನಿ ಅಂದರೆ ಸೋಪು ತರುತ್ತಿದ್ದ. ನಿಮ್ಮ ಹತ್ತಿರ ಮಾತಾಡಬೇಕಾದರೆ ನಾನೂ ಸೈಲೆನ್ಸರ್ ಬಿಚ್ಚಿಸಿಕೊಳ್ಳಬೇಕು ಎಂದು ಅವಳು ರೇಗುತ್ತಿದ್ದಳು.

ಅಡುಗೆಮನೆಯ ಹಿಂಬಾಗಿಲು ತೆರೆದರೆ ಶೆಡ್ಡು. ಆಳು ಇಟ್ಟುಕೊಳ್ಳುವಷ್ಟು ಕೆಲಸವಿರಲಿಲ್ಲ. ಒಲೆಯ ಮೇಲೆ ಕುಕ್ಕರ್ ಇಟ್ಟು ಹೆಂಡತಿಯೇ ಬಂದು ಟಾರ್ಚ್ ಹಿಡಿಯುತ್ತಿದ್ದಳು, ಬ್ಯಾಟರಿ ವೈರ್ ಬಿಚ್ಚುತ್ತಿದ್ದಳು. ಕೈಗೆ ಒಂದು ಕಡೆ ಒಗ್ಗರಣೆ ವಾಸನೆ, ಇನ್ನೊಂದು ಕಡೆ ಗ್ರೀಸ್.

ಒಂದು ಮಧ್ಯಾಹ್ನ ಟೀಚರಮ್ಮ ತನ್ನ ಪುಟ್ಟ ಕಾರು ತಂದಳು. ಕಾರು ಓಣಿಯ ತಿರುವಿನಲ್ಲಿರುವಾಗಲೇ ಸದ್ದು ಬಂತು, ತಗಡಿನ ಡಬ್ಬಿಯಲ್ಲಿ ಕಲ್ಲು ಅಲ್ಲಾಡಿಸಿದ ಹಾಗೆ. ರೇಡಿಯೇಟರ್ ತಣ್ಣಗಾಗಿಸುವ ಫ್ಯಾನು. ಒಳಗೆ ಸವೆದು ಓಲಾಡುತ್ತ, ರೆಕ್ಕೆ ಸುತ್ತಲಿನ ಚೌಕಟ್ಟಿಗೆ ಉಜ್ಜುತ್ತಿತ್ತು. ಕಿವಿಮಾವನಿಗೂ ಕೇಳಿಸಿತು ಎಂದ ಮೇಲೆ ಸದ್ದು ಎಷ್ಟಿತ್ತೆಂದು ಬೇರೆ ಹೇಳಬೇಕಿಲ್ಲ. ಹೊಸ ಫ್ಯಾನನ್ನು ಟೀಚರಮ್ಮ ಜೊತೆಗೇ ತಂದಿದ್ದಳು. ಮಗಳನ್ನು ಕರೆತರಬೇಕು, ಬೇಗ ಮಾಡಿಕೊಡಿ ಎಂದು ಅವಸರ ಮಾಡಿದಳು. ಇಂಜಿನ್ ಆರಲು ಬಿಡಲಿಲ್ಲ.

ಆ ಫ್ಯಾನಿನ ಗುಣ ಕಳ್ಳಬೆಕ್ಕಿನದು. ಕೀ ತೆಗೆದು ಕೈಯಲ್ಲಿ ಹಿಡಿದಿದ್ದರೂ ಇಂಜಿನ್ ಬಿಸಿ ಇದ್ದರೆ ತಾನಾಗಿ ಎದ್ದು ತಿರುಗುತ್ತದೆ. ಅದಕ್ಕೇ ಮೊದಲು ಬ್ಯಾಟರಿ ವೈರ್ ಬಿಚ್ಚಬೇಕು, ಆಮೇಲೆ ಕೈ ಹಾಕಬೇಕು. ಹೆಂಡತಿಗೂ ಇದು ಗೊತ್ತು.

ಕಿವಿಮಾವ ಕಾರಿನ ಮುಂಭಾಗವನ್ನು ಎತ್ತಿ ನಿಲ್ಲಿಸಿ, ಗೋಣಿಚೀಲ ಹಾಸಿ ಕೆಳಗೆ ನುಸುಳಿದ. ಫ್ಯಾನಿನ ಕೆಳಗಿನ ಬೋಲ್ಟು ಸಿಗುವುದು ಅಲ್ಲಿಂದಲೇ.

"ಬ್ಯಾಟರಿ ವೈರ್ ಬಿಚ್ಚೇ" ಎಂದು ಕೂಗಿದ.

"ಆಯ್ತು" ಎಂದಳು.

ವೈರಿನ ನಟ್ಟು ಬಿಚ್ಚುವ ಹತ್ತು ನಂಬರ್ ಸ್ಪ್ಯಾನರ್ ಡಬ್ಬಿಯಲ್ಲಿರಲಿಲ್ಲ. ಬೆಳಿಗ್ಗೆ ಒಲೆಯ ಸ್ಟ್ಯಾಂಡಿನ ನಟ್ಟು ಬಿಗಿ ಮಾಡಲು ತಾನೇ ಒಯ್ದದ್ದು ನೆನಪಾಗಿ ಒಳಗೆ ಹೋದಳು. ಅದು ಚಮಚಗಳ ನಡುವೆ ಮಲಗಿತ್ತು. ಹಿಡಿದು ತಿರುಗುವಷ್ಟರಲ್ಲಿ ಶೆಡ್ಡಿನಲ್ಲಿ ಫ್ಯಾನು ಕರಕರ ಎಂದಿತು. ಎಂದದ್ದು ತಟ್ಟನೆ ನಿಂತಿತು.

ನಿಂತದ್ದಕ್ಕೇ ಅವಳ ಜೀವ ಬಾಯಿಗೆ ಬಂತು.

ಓಡಿದಳು. ಕಾರಿನ ಕೆಳಗಿನಿಂದ ಅವನ ಎರಡು ಕಾಲು ಮಾತ್ರ ಕಾಣುತ್ತಿದ್ದವು. ಹಿಮ್ಮಡಿ ನೆಲ ಕೆರೆಯುತ್ತಿತ್ತು. ಅವನು ಕೂಗುತ್ತಿರಲಿಲ್ಲ. ಅಂಗಿಯ ತೋಳು ಫ್ಯಾನಿಗೆ ಸುತ್ತಿಕೊಂಡು, ಕೈಯನ್ನು ರೆಕ್ಕೆಗೆ ಬಿಗಿದಿತ್ತು. ತಿರುಗಲಾಗದೆ ಮೋಟಾರು ಗುಂಯ್ ಎನ್ನುತ್ತಿತ್ತು. ಸುಟ್ಟ ವಾಸನೆ. ಬಟ್ಟೆ ಒಂದಿಷ್ಟು ಹರಿದರೂ ರೆಕ್ಕೆ ಮತ್ತೆ ತಿರುಗುತ್ತದೆ, ಬೆರಳು ಉಳಿಯುವುದಿಲ್ಲ. ಮೆಕ್ಯಾನಿಕ್ಕಿನ ಬೆರಳು ಹೋದರೆ ಮನೆಯೇ ಹೋದ ಹಾಗೆ. ಟೀಚರಮ್ಮ ಗೋಡೆಗೆ ಒರಗಿಕೊಂಡು, ಕೀ ನನ್ನ ಕೈಯಲ್ಲೇ ಇದೆ, ಕೀ ನನ್ನ ಕೈಯಲ್ಲೇ ಇದೆ ಎಂದು ಬಡಬಡಿಸುತ್ತಿದ್ದಳು.

ಹೆಂಡತಿ ಬ್ಯಾಟರಿಯ ನಟ್ಟಿಗೆ ಸ್ಪ್ಯಾನರ್ ಹಾಕಿ ತಿರುಗಿಸಿದಳು. ನಟ್ಟು ಇನ್ನೂ ಬಿಗಿಯಾಯಿತು. ಎಷ್ಟು ಸಲ ಬಿಚ್ಚಿದ್ದಳೋ ಲೆಕ್ಕವಿಲ್ಲ. ಈಗ ಯಾವ ಕಡೆಗೆ ಎನ್ನುವುದೇ ಮರೆತುಹೋಗಿತ್ತು. ಕೆಳಗಿನಿಂದ ಅವನ ದನಿ ಬಂತು. ಇನ್ನೊಂದು ತುತ್ತು ಅನ್ನ ಕೇಳುವಾಗಿನಂತೆ ಮೆತ್ತಗೆ.

"ಎಡಕ್ಕೆ ಕಣೇ. ಎಡಕ್ಕೆ."

ಎಡ ಯಾವುದು? ಎಣ್ಣೆ ಹಾರಿ ಸುಟ್ಟ ಕಲೆ ಇದ್ದ ಕೈಯನ್ನು ನೋಡಿಕೊಂಡಳು. ಇದು. ತಿರುಗಿಸಿದಳು. ಬಿಟ್ಟಿತು. ವೈರನ್ನು ಕಿತ್ತು ಎಳೆದಳು. ಸಣ್ಣ ಕಿಡಿ ಹಾರಿ, ಗುಂಯ್ ನಿಂತಿತು.

ಅಂಗಿಯ ತೋಳು ಕತ್ತರಿಸಿ ಅವನನ್ನು ಈಚೆ ಎಳೆದರು. ಮುಂಗೈ ಚರ್ಮ ಸುಲಿದು ರಕ್ತ ಸುರಿಯುತ್ತಿತ್ತು.

"ಎಣಿಸ್ಕೋ, ಐದೂ ಇದೆ. ಬಡ್ಡಿ ಮಾತ್ರ ಕೇಳ್ಬೇಡ" ಎಂದ.

ಅವಳಿಗೆ ನಗು ಬರಲಿಲ್ಲ. ಒಂದೊಂದೇ ಬೆರಳನ್ನು ಮುಟ್ಟಿ ನೋಡಿದಳು.

"ಆಯ್ತು ಅಂದ್ಯಲ್ಲೇ?"

"ಬಿಚ್ತೀನಿ ಅಂತ ಆಯ್ತು ಅಂದೆ ರೀ."

"ನಾನು ಬಿಚ್ಚಿದ್ದಾಯ್ತು ಅಂದ್ಕೊಂಡೆ."

ಇಬ್ಬರೂ ಸುಳ್ಳು ಹೇಳಿರಲಿಲ್ಲ.

ಹೊಸ ಫ್ಯಾನು ಹಾಕಿದ್ದು ಹೆಂಡತಿ. ಇಂಜಿನ್ ಪೂರ್ತಿ ಆರಿದ ಮೇಲೆ ಅದೇ ಗೋಣಿಚೀಲದ ಮೇಲೆ ಮಲಗಿದಳು. ಕಿವಿಮಾವ ಕೈಗೆ ಬಟ್ಟೆ ಸುತ್ತಿಕೊಂಡು ಪಕ್ಕದಲ್ಲಿ ಕೂತು, ಬಿಚ್ಚಿದ ವೈರನ್ನು ಅವಳ ಕಣ್ಣಿಗೆ ಕಾಣುವ ಹಾಗೆ ಹಿಡಿದುಕೊಂಡಿದ್ದ. ಆದರೂ ಅವಳ ಕೈಯಿಂದ ಬೋಲ್ಟು ಜಾರಿ ಜಾರಿ ಬಿತ್ತು. ಕೊನೆಗೆ ಕಾರು ಚಾಲೂ ಮಾಡಿ ನೋಡಿದರು. ಫ್ಯಾನು ಸದ್ದಿಲ್ಲದೆ ತಿರುಗಿತು. ಟೀಚರಮ್ಮನಿಗೆ ಸಮಾಧಾನ. ಹೆಂಡತಿ ಮಾತ್ರ ಹೆದರಿ ಅಡುಗೆಮನೆಗೆ ಹೋದಳು. ಕರಕರ ಎನ್ನುವುದು ಕೂಗಿಯಾದರೂ ಎಚ್ಚರಿಸುತ್ತದೆ. ಸುಮ್ಮನೆ ತಿರುಗುವುದನ್ನು ನಂಬುವುದು ಹೇಗೆ?

ಅಂದಿನಿಂದ ಆ ಮನೆಯಲ್ಲಿ ಬರೀ ಆಯ್ತು ಎಂದರೆ ನಡೆಯುತ್ತಿರಲಿಲ್ಲ. ಯಾರೇ ಅಂದರೂ ಕಿವಿಮಾವ ಕಿವಿಗೆ ಕೈ ಆನಿಸಿ, "ಆಗಿದ್ಯಾ, ಆಗ್ಬೇಕಾ?" ಎಂದು ಕೇಳುತ್ತಿದ್ದ. ಅನ್ನ ಆಯ್ತು ಅಂದರೂ ಇದೇ, ಸ್ನಾನ ಆಯ್ತು ಅಂದರೂ ಇದೇ. ನಗುನಗುತ್ತಲೇ ಕೇಳುತ್ತಿದ್ದ. ಅವಳು ಪ್ರತಿ ಸಲವೂ ಅವನ ಮುಂಗೈಯ ಕಲೆ ನೋಡುತ್ತಿದ್ದಳು.

ವರ್ಷಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಅವನು ಎದೆ ಹಿಡಿದುಕೊಂಡು ಶೆಡ್ಡಿನಲ್ಲಿ ಕುಸಿದ. ಆಸ್ಪತ್ರೆಗೆ ಒಯ್ದದ್ದು ಟೀಚರಮ್ಮನ ಅದೇ ಕಾರಿನಲ್ಲಿ. ಗೇಟಿನ ಮುಂದೆ ಕೀ ತೆಗೆದ ಮೇಲೂ ಫ್ಯಾನು ತಿರುಗುತ್ತಿತ್ತು. ಅವನನ್ನು ಒಳಗೆ ಕರೆದೊಯ್ದರು. ಹೆಂಡತಿ ಬಾಗಿಲ ಹೊರಗಿನ ಬೆಂಚಿನ ಮೇಲೆ ಕೂತಳು. ಗ್ರೀಸ್ ಅಂಟಿದ ಅವನ ಚಪ್ಪಲಿ ಮಡಿಲಲ್ಲಿತ್ತು.

ಡಾಕ್ಟರ್ ಹೊರಗೆ ಬಂದು ಅವಳ ಮುಂದೆ ನಿಂತರು.

"ನಮ್ಮ ಕೈಲಾಗೋದೆಲ್ಲ ಆಯ್ತಮ್ಮ" ಎಂದರು.

ಅವಳು ತಲೆಯೆತ್ತಿದಳು.

"ಆಗಿದ್ಯಾ, ಆಗ್ಬೇಕಾ?"

ಡಾಕ್ಟರಿಗೆ ಅರ್ಥವಾಗಲಿಲ್ಲ. ನೆಲ ನೋಡಿದರು. ಅವಳು ಚಪ್ಪಲಿಯನ್ನು ಬಿಗಿಯಾಗಿ ಹಿಡಿದುಕೊಂಡು ಮತ್ತೊಮ್ಮೆ ಕೇಳಿದಳು.