ಎಕ್ಕದ ಹಾಲು ಸವರಿಕೊಂಡ ಕೈ

“ಇದು ಕಜ್ಜಿಯಲ್ಲ. ಏನ್ ಹಚ್ಕೊಂಡೆ, ಹೇಳು?” ಚರ್ಚಿನ ನರ್ಸಮ್ಮ ನನ್ನ ಮುಂಗೈ ಹಿಡಿದು ಕೇಳಿದರು.

ಎರಡನೇ ಮಹಾಯುದ್ಧ ಮುಗಿದ ಮರುಬೇಸಿಗೆ. ದೊಡ್ಡಬಳ್ಳಾಪುರದ ಚರ್ಚಿನವರು ನಮ್ಮ ಹಳ್ಳಿಯ ಅರಳಿಕಟ್ಟೆಯಲ್ಲಿ ಒಂದು ವಾರ ಮಕ್ಕಳ ಕಜ್ಜಿ ತೊಳೆದು ಔಷಧಿ ಹಚ್ಚುತ್ತಿದ್ದರು. ಪಕ್ಕದ ಮನೆಯ ಗೌರಿಯ ಕೈಯನ್ನು ನರ್ಸಮ್ಮ ದಿನವೂ ಮಡಿಲಲ್ಲಿಟ್ಟುಕೊಂಡು ಬಿಳಿ ಬಟ್ಟೆ ಸುತ್ತುವುದನ್ನು ನೋಡಿ ನನಗೆ ಹೊಟ್ಟೆ ಉರಿಯುತ್ತಿತ್ತು. ನನಗೋ ಒಂದು ಗುಳ್ಳೆಯೂ ಇರಲಿಲ್ಲ. ಅದಕ್ಕೇ ಎಕ್ಕದ ಹಾಲು ಸವರಿಕೊಂಡು, ಚರ್ಮದಲ್ಲಿ ಬೊಬ್ಬೆ ಎದ್ದ ಮೇಲೆ ಸಾಲಿನಲ್ಲಿ ನಿಂತಿದ್ದೆ.

ನಿಜ ಹೇಳಿದೆ. ಅವರು ಬೈಯಲಿಲ್ಲ. “ಸುಮ್ನೆ ಬಂದಿದ್ರೂ ಕೈ ಹಿಡ್ಕೊತಿದ್ನಲ್ಲೇ, ಹುಚ್ಚಿ!” ಎಂದು ಬಟ್ಟೆ ಸುತ್ತಿದರು.

ಗೌರಿಯ ಕೈಯಲ್ಲಿ ಗುರುತೂ ಉಳಿಯಲಿಲ್ಲ. ನನ್ನ ಕಲೆ ಇನ್ನೂ ಮಾಸಿಲ್ಲ. ಅದನ್ನು ಕಂಡಾಗಲೆಲ್ಲ ಈ ವಯಸ್ಸಿನಲ್ಲೂ ಅನ್ನಿಸುವುದು ಒಂದೇ: ಅವರು ಗೌರಿಯ ಕೈಯನ್ನೇ ಹೆಚ್ಚು ಹೊತ್ತು ಹಿಡಿದಿದ್ದರು.