ಕಲ್ಯಾಣಿಗೆ ಬಂದ ಬರಫ್

ನಾನು ಹುಟ್ಟಿ ಬೆಳೆದದ್ದು ಹುಮನಾಬಾದಿನಲ್ಲಿ, ಮೋಟಾರ್ ಅಡ್ಡಾದ ಹಿಂದಿನ ಓಣಿಯಲ್ಲಿ. ಹೈದರಾಬಾದಿನಿಂದ ಸೊಲ್ಲಾಪುರಕ್ಕೆ ಹೋಗುವ ಮೋಟಾರುಗಳು ಅಲ್ಲಿ ನಿಂತು, ಎಂಜಿನ್ನಿಗೆ ನೀರು ಹಾಕಿಸಿಕೊಂಡು ಮುಂದೆ ಹೋಗುತ್ತಿದ್ದವು. ನಮ್ಮ ಗೋಡೆಗೆ ಹತ್ತಿಕೊಂಡ ಮನೆ ಒಬ್ಬ ಜವಳಿ ವ್ಯಾಪಾರಿಯದು. ಅವನ ಹೆಂಡತಿ ಹೈದರಾಬಾದಿನಲ್ಲಿ ಬೆಳೆದವಳು. ಮಕ್ಕಳಿರಲಿಲ್ಲ. ಓಣಿಯ ಹುಡುಗಿಯರೆಲ್ಲ ಅವಳನ್ನು ಆಪಾ, ಅಂದರೆ ಅಕ್ಕ, ಎಂದೇ ಕರೆಯುತ್ತಿದ್ದೆವು. ಹಿಂದೂ, ಮುಸಲ್ಮಾನ ಎಂಬ ಭೇದ ಆ ಕರೆಯಲ್ಲಿ ಇರಲಿಲ್ಲ. ಊಟ ತಿಂಡಿಯಲ್ಲಿ ಮಾತ್ರ ಇತ್ತು.

ನಾನಿನ್ನೂ ದೊಡ್ಡವಳಾಗಿರಲಿಲ್ಲ. ಒಂದು ಬೇಸಿಗೆಯಲ್ಲಿ ನನಗೆ ವಿಷಮಜ್ವರ ಬಂತು. ಜ್ವರ ಬಿಟ್ಟರೂ ಬಾಯಿರುಚಿ ತಿರುಗಿ ಬರಲಿಲ್ಲ. ಅಂಬಲಿ ಕಂಡರೆ ಓಕರಿಕೆ. ಡಾಕ್ಟರು ಚಾಕಲೇಟ್ ಮಾಲ್ಟ್ ಪುಡಿಯನ್ನು ಹಾಲಿಗೆ ಹಾಕಿ ಕೊಡಿ ಎಂದರು. ಅಪ್ಪ ಮೋಟಾರಿನ ಡ್ರೈವರನಿಗೆ ಹೇಳಿ ಹೈದರಾಬಾದಿನಿಂದ ಡಬ್ಬಿ ತರಿಸಿದ. ಅವ್ವ ಬಿಸಿ ಹಾಲಿಗೆ ಒಮ್ಮೆಲೇ ಪುಡಿ ಸುರಿದಳು. ಗಂಟು ಗಂಟಾಯಿತು. ನಾನು ಗೋಡೆಯ ಕಡೆ ಮುಖ ತಿರುವಿ ಮಲಗಿದೆ.

ಅವ್ವ ಬೈಯುವುದು ಕೇಳಿ ಆಪಾ ಹಿತ್ತಲ ಬಾಗಿಲಿಂದ ಬಂದಳು.

"ಅಕ್ಕಾ, ಇಂಥಾ ಬಿಸಲಾಗ ಸುಡುಸುಡು ಕೊಟ್ರ ಹುಡುಗಿ ಹ್ಯಾಂಗ ಕುಡೀತದ? ಇದನ್ನ ಬರಫ್ ಹಾಕಿ ಕುಡೀಬೇಕ್ರಿ. ನಾ ಮಾಡ್ಲೇನು?"

ಅವ್ವ ಅಪ್ಪನ ಮುಖ ನೋಡಿದಳು. ಅಪ್ಪ ನನ್ನ ಮುಖ ನೋಡಿದ.

"ಹಾಲು ನಮ್ದು, ಗಿಲಾಸ ನಮ್ದು. ಮಾಡ್ಲಿ ಬಿಡು," ಅಂದ.

ಅಡ್ಡಾದ ಸೋಡಾ ಅಂಗಡಿಗೆ ಬೇಸಿಗೆಯಲ್ಲಿ ಕಟ್ಟಿಗೆ ಪುಡಿಯೊಳಗೆ ಹೂತಿಟ್ಟ ಬರಫ್, ಅಂದರೆ ಮಂಜುಗಡ್ಡೆ, ಬರುತ್ತಿತ್ತು. ಅಪ್ಪ ಒಂದು ತುಂಡು ತಂದ. ಆಪಾ ನಮ್ಮ ಪಡಸಾಲೆಯಲ್ಲೇ ಕುಳಿತು, ಮೊದಲು ಪುಡಿಗೆ ನಾಕು ಹನಿ ಬಿಸಿನೀರು ಹಾಕಿ ಬೆರಳಿಂದ ತಿಕ್ಕಿ ಮುಲಾಮಿನಂತೆ ಮಾಡಿದಳು. ಅದಕ್ಕೆ ಸಕ್ಕರೆ, ಆರಿಸಿದ ಹಾಲು. ಆಮೇಲೆ ಒಂದು ಗಿಲಾಸಿನಿಂದ ಇನ್ನೊಂದಕ್ಕೆ ಕೈ ಎತ್ತೆತ್ತಿ ಸುರಿದಳು. ಬುರುಗು ಬಂತು. ಬರಫನ್ನು ಅರಿವೆಯಲ್ಲಿ ಸುತ್ತಿ ಕುಟ್ಟಾಣಿಯ ಕಲ್ಲಿನಿಂದ ಜಜ್ಜಿ ಮೇಲೆ ಉದುರಿಸಿದಳು.

ಹಲ್ಲು ಜುಮ್ಮೆಂದವು. ಸುಟ್ಟ ಗೋಧಿಯ ವಾಸನೆ, ಹಿಂದೆಯೇ ಸಣ್ಣ ಕಹಿ, ಆಮೇಲೆ ಸಿಹಿ. ಜ್ವರದಿಂದ ಒಣಗಿದ ಗಂಟಲಲ್ಲಿ ಆ ತಂಪು ಇಳಿದುಹೋಗುವುದನ್ನು ಇವತ್ತಿಗೂ ನೆನೆಯಬಲ್ಲೆ. ಆಪಾ ದಿನಾ ಬಂದಳು. ಕುಡಿಯುವಷ್ಟು ಹೊತ್ತು ಹೈದರಾಬಾದಿನ ತವರುಮನೆಯ ಸುದ್ದಿ ಹೇಳುತ್ತಿದ್ದಳು. ಅಲ್ಲಿ ಅಕ್ಕತಂಗಿಯರೆಲ್ಲ ಮಾಳಿಗೆಯ ಮೇಲೆ ಕುಳಿತು ಇದನ್ನೇ ಕುಡಿಯುತ್ತಿದ್ದರಂತೆ.

ಕೆಲ ವರ್ಷಕ್ಕೆ ನನ್ನನ್ನು ಕಲ್ಯಾಣಿಗೆ ಕೊಟ್ಟರು. ಈಗಿನ ಬಸವಕಲ್ಯಾಣವನ್ನು ಆಗ ಹಾಗೆ ಕರೆಯುತ್ತಿದ್ದರು. ಕರಿಕಲ್ಲಿನ ಮನೆ, ಮಾತು ಕಡಿಮೆಯ ಅತ್ತೆ. ನಮ್ಮವರು ಕಚೇರಿಯಲ್ಲಿ ಕಾರಕೂನರು. ನಾನು ಬಸಿರಾದಾಗ ಅತ್ತೆ ಕೇಳಿದರು:

"ಬಯಕಿ ಏನೈತಿ ಹೇಳವಾ. ಮಾವಿನಕಾಯಿ? ಹುಣಸಿ?"

ಬರಫ್ ಹಾಕಿದ ಚಾಕಲೇಟ್ ಮಾಲ್ಟ್ ಬೇಕೆಂದು ನಾಚಿಕೆ ಬಿಟ್ಟು ಹೇಳಿದೆ. ಅತ್ತೆಗೆ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ನಕ್ಕರು. ಅವರು ನಕ್ಕಿದ್ದನ್ನು ನಾನು ಅಂದೇ ಮೊದಲು ನೋಡಿದ್ದು. ಆದರೆ ಎರಡನೆಯ ಮಹಾಯುದ್ಧದ ಕಾಲ, ಡಬ್ಬಿ ಎಲ್ಲಿಯೂ ಸಿಗುತ್ತಿರಲಿಲ್ಲ. ಕಲ್ಯಾಣಿಯಲ್ಲಿ ಬರಫಂತೂ ನಮ್ಮಂಥವರ ಮನೆಗೆ ಬರುವ ವಸ್ತುವೇ ಅಲ್ಲ.

ನಮ್ಮವರು ಕೆಲಸದ ಮೇಲೆ ಹುಮನಾಬಾದಿಗೆ ಹೋದಾಗ ಅವ್ವನ ಮುಂದೆ ಇದನ್ನು ಹೇಳಿದರಂತೆ. ಮರುದಿನ ಮಧ್ಯಾಹ್ನ ಬಾಗಿಲಲ್ಲಿ ಟಾಂಗಾ ನಿಂತಿತು. ನಮ್ಮವರು ಇಳಿದರು. ಹಿಂದೆಯೇ ಬುರ್ಖಾದ ಆಪಾ. ಅವಳ ಹಿಂದೆ ಅವಳ ಗಂಡ, ತೋಯ್ದ ಗೋಣಿಯ ಗಂಟನ್ನು ಎಳೆಗೂಸಿನಂತೆ ಎದೆಗೆ ಅವುಚಿಕೊಂಡು.

"ಡಬ್ಬ್ಯಾಗ ತಳಕ್ಕ ಒಂದೀಟು ಪುಡಿ ಉಳದಿತ್ತು ಬೇಟಿ," ಬುರ್ಖಾ ತೆಗೆಯುತ್ತ ಅಂದಳು ಆಪಾ. "ಬ್ಯಾರೆಯವರ ಕೈಯಾಗ ಕೊಟ್ರ ಗಂಟು ಮಾಡ್ತಾರ. ಅದಕ್ಕ ನಾನ ಬಂದೆ."

ಗೋಣಿ ಬಿಚ್ಚಿದರೆ ಒದ್ದೆ ಕಟ್ಟಿಗೆ ಪುಡಿಯ ನಡುವೆ ನಿಂಬೆಹಣ್ಣಿನಷ್ಟು ಬರಫ್ ಉಳಿದಿತ್ತು. ಆಪಾಳ ಮುಖ ಸಣ್ಣದಾಯಿತು.

"ದಾರಿ ತುಂಬ ನೀರಾಗಿ ಹೋತು."

"ಲಗೂನ ಮಾಡ್ರಿ, ಇಷ್ಟಾದ್ರೂ ಉಳೀಲಿ," ಅಂದದ್ದು ನನ್ನ ಅತ್ತೆ. ಅವರೇ ಚಾಪೆ ಹಾಸಿದರು, ಹಾಲು ತಂದಿಟ್ಟರು, ಎದುರಿಗೆ ಕುಳಿತು ಕಣ್ಣು ಪಿಳುಕಿಸದೆ ನೋಡಿದರು. ಒಂದೇ ಗಿಲಾಸ್ ಆಯಿತು. ಪುಡಿ ಹಳೆಯದು, ರುಚಿ ಸಪ್ಪೆ, ತಂಪು ಇದ್ದೂ ಇಲ್ಲದಂತೆ. ನಾನು ಒಂದೇ ಉಸಿರಿಗೆ ಕುಡಿದೆ. ಕುಡಿಯುತ್ತಲೇ ಅಳು ಬಂತು. ಆಪಾ ಸೆರಗಿನಿಂದ ನನ್ನ ಬಾಯಿ ಒರೆಸಿದಳು.

ಅತ್ತೆ ಒಳಗೆ ಹೋಗಿ ಗಂಡಹೆಂಡಿರಿಗೆ ಮಜ್ಜಿಗೆ ತಂದರು. ಹೊರಗಿನವರಿಗೆಂದು ಬೇರೆ ಇಟ್ಟ ಲೋಟಗಳಲ್ಲಿ ಅಲ್ಲ, ನಾವು ಕುಡಿಯುವ ಹಿತ್ತಾಳೆ ಗಿಲಾಸಿನಲ್ಲಿ. ನಮ್ಮವರು ತಾಯಿಯನ್ನು ನೋಡಿದರು. ಅತ್ತೆ ಸಂಜೆ ಆ ಗಿಲಾಸುಗಳನ್ನು ತಾವೇ ಬೆಳಗಿ ಉಳಿದವುಗಳ ಜೊತೆ ಕವುಚಿ ಹಾಕಿದರು.

ನನ್ನ ಮಗಳು ನಡೆಯಲು, ಮಾತಾಡಲು ಕಲಿತಳು. ಆಮೇಲೆ ನಿಜಾಮನ ಕಡೆಯ ರಜಾಕಾರರ ಗದ್ದಲ ಶುರುವಾಯಿತು. ದಾರಿಗಳು ಮುಚ್ಚಿದವು. ಹತ್ತಿರದ ಗೋರ್ಟಾ ಊರಿನಲ್ಲಿ ಅವರು ಮಾಡಿದ ಕೊಲೆಗಳ ಸುದ್ದಿ ಬಂದ ದಿನ ನಮ್ಮ ಮನೆಯಲ್ಲಿ ಒಲೆ ಹೊತ್ತಲಿಲ್ಲ. ಹಿಂದೆಯೇ ಹಿಂದೂಸ್ತಾನದ ಫೌಜು ಬಂತು. ಆಗ ಅಂಜುವ ಸರದಿ ಆಪಾಳಂಥವರದಾಯಿತು. ದಾರಿ ತೆರೆದ ಮೇಲೆ ತವರಿಗೆ ಹೋದೆ. ಆಪಾಳ ಮನೆಗೆ ಬೀಗ.

"ನಸುಕಿನ್ಯಾಗ ಬಂಡಿ ಕಟ್ಟಿಸಿ ಹೋದ್ರು," ಅಂದಳು ಅವ್ವ. "ರೊಟ್ಟಿ ಕಟ್ಟಿಕೊಟ್ಟೆ. ಇಸ್ಕೊಂಡ್ಳು. ಎಲ್ಲಿಗವಾ ಅಂದ್ರ ಹೈದರಾಬಾದ್ ಕಡಿ ಅಂದ್ಳು. ನಿನ್ನ ಕೂಸಿನ ಬಗ್ಗೆ ಕೇಳಿದ್ಳು."

ಅಪ್ಪ ಮೋಟಾರಿನ ಡ್ರೈವರುಗಳನ್ನೆಲ್ಲ ವಿಚಾರಿಸಿದ. ತವರಿನವರ ಜೊತೆ ಇದ್ದಾಳೆ ಎಂದ ಒಬ್ಬ, ಪಾಕಿಸ್ತಾನಕ್ಕೆ ಹೋದರಂತೆ ಎಂದ ಇನ್ನೊಬ್ಬ. ಖರೆ ಏನೆಂದು ಇಂದಿಗೂ ಗೊತ್ತಿಲ್ಲ.

ಮರುವರ್ಷ ನಮ್ಮವರು ನನ್ನನ್ನು ಹೈದರಾಬಾದಿಗೆ ಕರೆದುಕೊಂಡು ಹೋದರು. ಜವಳಿ ಬಜಾರಿನಲ್ಲಿ ಎಷ್ಟೊಂದು ಬುರ್ಖಾಗಳು! ಮುಖ ಕಾಣದಿದ್ದರೂ ಆಪಾಳ ದನಿಯ ಗುರುತು ಸಿಕ್ಕೀತೆಂದು, ಸೀರೆ ನೋಡುವವಳಂತೆ ನಿಂತು ಅವರ ಮಾತಿಗೆ ಕಿವಿಗೊಟ್ಟೆ. ಬಿಸಿಲೇರಿದಾಗ ಒಂದು ಅಂಗಡಿಯಲ್ಲಿ ಅದೇ ಚಾಕಲೇಟ್ ಮಾಲ್ಟು ಸಿಕ್ಕಿತು. ಬೇಕಾದಷ್ಟು ಬರಫ್ ಹಾಕಿ ಕೊಟ್ಟರು. ಚೆನ್ನಾಗಿತ್ತು.

"ಇನ್ನೊಂದು ಹೇಳ್ಲೇನು?" ಎಂದರು ನಮ್ಮವರು.

"ಬ್ಯಾಡ್ರಿ. ಆ ಕಡಿ ಅಂಗಡಿ ಇನ್ನೂ ನೋಡಿಲ್ಲ," ಅಂದೆ.

ಮೋಟಾರಿಗೆ ಹೊತ್ತಾಗುತ್ತಿತ್ತು. ಆದರೂ ಅವರು ಎದ್ದು ನನ್ನ ಜೊತೆ ನಡೆದರು.