ತುಂಬದೆ ಹೊರಟ ರೈಲು

ನನಗೆ ಖಾಲಿ ಸೀಟು ಕಂಡರೆ ಆಗುವುದಿಲ್ಲ. ಮದುವೆಯೂಟದ ಪಂಕ್ತಿಯಲ್ಲಾಗಲಿ, ಕ್ಲಿನಿಕ್ಕಿನ ಬೆಂಚಿನಲ್ಲಾಗಲಿ ಇಬ್ಬರ ನಡುವೆ ಜಾಗ ಕಂಡರೆ 'ಸ್ವಲ್ಪ ಒತ್ತಿ ಕೂತುಕೊಳ್ಳಿ' ಎಂಬ ಮಾತು ನಾಲಗೆಯ ತುದಿಗೆ ಬಂದುಬಿಡುತ್ತದೆ. ಇದು ಕಾಯಿಲೆಯಲ್ಲ, ಕಸುಬು ಬಿಟ್ಟರೂ ಬಿಡದ ಚಾಳಿ. ಇಪ್ಪತ್ತೆರಡು ವರ್ಷ ಕಡಬದಿಂದ ಒಳಗಿನ ಹಳ್ಳಿಗಳಿಗೆ ಸರ್ವಿಸ್ ಜೀಪು ಓಡಿಸಿದವನು ನಾನು. ಸರ್ವಿಸ್ ಜೀಪಿಗೆ ಟೈಮ್ ಎಂಬುದಿಲ್ಲ. ತುಂಬಿದರೆ ಹೊರಡುತ್ತದೆ, ತುಂಬದಿದ್ದರೆ ಇಲ್ಲ. ತುಂಬುವುದು ಎಂದರೆ ಎಷ್ಟು ಎಂಬುದರಲ್ಲಿ ಕಾನೂನಿಗೂ ನಮಗೂ ಸಣ್ಣ ಭಿನ್ನಾಭಿಪ್ರಾಯವಿತ್ತು, ಅಷ್ಟೆ.

ಕಾಲಿನ ಮಂಡಿ ಕೈಕೊಟ್ಟ ಮೇಲೆ ಜೀಪು ಮಾರಿ, ಹೆಂಡತಿ ವಾರಿಜಳ ಊರಾದ ಸುಳ್ಯಕ್ಕೆ ಬಂದು ಕೂತೆ. ನಾನು ಸುಮ್ಮನೆ ಕೂತದ್ದನ್ನು ನೋಡಲಾರದೆ ಅವಳ ತಂಗಿ ಶೈಲಜಾ ನನಗೊಂದು ಆಟ ಕಲಿಸಿದಳು. ಶೈಲಜಾ ಪುತ್ತೂರಿನ ಲ್ಯಾಬೊಂದರಲ್ಲಿ ರಕ್ತ ಪರೀಕ್ಷೆ ಮಾಡುವವಳು. ಬಿಡುವಿನಲ್ಲಿ ಕಂಪ್ಯೂಟರಿನಲ್ಲಿ ರೈಲು ಬಿಡುತ್ತಾಳೆ. ಅವರದು ಏಳು ಜನರ ಕೂಟ. ಎಲ್ಲರೂ ಅವರವರ ಮನೆಯಲ್ಲೇ ಕೂತು ಇಂಟರ್ನೆಟ್ಟಿನಲ್ಲಿ ಒಂದೇ ನಕ್ಷೆಯ ಮೇಲೆ ಹಳಿ ಹಾಕುವುದು, ಸಿಗ್ನಲ್ ನೆಡುವುದು. ಸೋಲು ಗೆಲುವು ಇಲ್ಲ. ಊರುಗಳಿಗೆ ನಮ್ಮ ಕಡೆಯ ಹೆಸರುಗಳನ್ನೇ ಇಟ್ಟಿದ್ದರು.

ನಕ್ಷೆಯಲ್ಲಿ ಸುಳ್ಯ ಇತ್ತು, ಸ್ಟೇಷನ್ ಇರಲಿಲ್ಲ. ಇಲ್ಲೂ ಇಲ್ಲವೇ ಅನ್ನಿಸಿತು. ನಿಜದಲ್ಲಿಯೂ ಪುತ್ತೂರಿಗೆ ರೈಲುಂಟು, ಕಾಣಿಯೂರಿಗೂ ಉಂಟು. ತಾಲೂಕು ಕೇಂದ್ರ ಎಂದು ಬೀಗುವ ನಾವು ಮಾತ್ರ ರೈಲು ಹಿಡಿಯಲು ಮೊದಲು ಬಸ್ಸು ಹಿಡಿಯಬೇಕು. ಬರುತ್ತದೆ, ಬರುತ್ತದೆ ಎಂದು ವಾರಿಜ ಬುದ್ಧಿ ಬಂದಾಗಿನಿಂದ ಕೇಳುತ್ತಿದ್ದಾಳಂತೆ. ಆಟದಲ್ಲಾದರೂ ನಿನ್ನ ಊರಿಗೆ ರೈಲು ತರುತ್ತೇನೆ ಎಂದುಬಿಟ್ಟೆ. ಹೆಂಡತಿಯ ಎದುರು ಹೇಳಿದ ಮೇಲೆ ಅದು ಆಟವಾಗಿ ಉಳಿಯುವುದಿಲ್ಲ.

ರೈಲಿನಷ್ಟು ನಾಜೂಕಿನದು ಇನ್ನೊಂದಿಲ್ಲ ಮಾರಾಯ್ರೆ. ನನ್ನ ಜೀಪು ಫಸ್ಟ್ ಗೇರಿನಲ್ಲಿ ಗೋಡೆಯನ್ನಾದರೂ ಹತ್ತುತ್ತಿತ್ತು. ರೈಲಿಗೆ ಸಣ್ಣ ಏರು ಬಂದರೂ ಏದುಸಿರು. ನಮ್ಮ ಕಡೆಯ ನಿಜವಾದ ಹಳಿಯನ್ನು ಇಷ್ಟು ಸುತ್ತುಬಳಸಿ ಹಾಕಿದವರು ಯಾರಪ್ಪಾ ಎಂದು ಹಿಂದೆಲ್ಲ ಬೈಯುತ್ತಿದ್ದೆ. ಬೆಳ್ಳಾರೆಯ ಹತ್ತಿರ ಮೂರು ಸಲ ಗುಡ್ಡ ಕಡಿದು ಸೋತ ಮೇಲೆ ಅವರ ಮೇಲೆ ಗೌರವ ಬಂತು. ಅಂತೂ ಸುಳ್ಯದ ಹಳಿಯನ್ನು ಕಾಣಿಯೂರಿನಲ್ಲಿ ಮುಖ್ಯ ಲೈನಿಗೆ ಸೇರಿಸಿ ರೈಲು ಬಿಟ್ಟೆ.

ಎರಡು ದಿನದಲ್ಲಿ ಎರಡು ಸಲ ಇಡೀ ಲೈನು ನಿಂತಿತು. ಎರಡನೆಯ ಸಲ ಶೈಲಜಾ ಫೋನು ಮಾಡಿದಳು.

"ಭಾವ, ನಿಮ್ಮ ರೈಲು ಕಾಣಿಯೂರಲ್ಲಿ ಎಂತಕ್ಕೆ ನಿಂತದ್ದು?"

"ತುಂಬಲಿಲ್ಲ ಮಾರಾಯ್ತಿ. ಇನ್ನೂ ಹದಿನೆಂಟು ಸೀಟು ಖಾಲಿ ಉಂಟು."

"ಅದು ಜೀಪಲ್ಲ ಭಾವ. ನಿಮ್ಮ ಹಿಂದೆ ಆರು ರೈಲು ಕಾಯ್ತಾ ಉಂಟು. ಇನ್ನೊಮ್ಮೆ ನಿಂತ್ರೆ ಸುಳ್ಯದ ಹಳಿ ಕೀಳುದು ಅಂತ ಎಲ್ರೂ ಹೇಳಿ ಆಯ್ತು" ಎಂದಳು.

ಆಟದಲ್ಲಿ ಪ್ರತಿ ರೈಲಿಗೂ ಆಜ್ಞೆಗಳ ಪಟ್ಟಿಯಿರುತ್ತದೆ. ಅದರಲ್ಲಿ 'ತುಂಬಿದ ಮೇಲೆ ಹೊರಡು' ಎಂಬ ಆಜ್ಞೆಗೆ ನಾನು ಪ್ರತಿ ಸ್ಟೇಷನ್ನಿನಲ್ಲೂ ಗುರುತು ಹಾಕಿಟ್ಟಿದ್ದೆ. ತೆಗೆಯಲು ಒಂದು ಕ್ಲಿಕ್ಕು ಸಾಕು. ಅರ್ಧ ಗಂಟೆ ಮೌಸು ಹಿಡಿದು ಕೂತೆ. ಖಾಲಿ ಜೀಪು ಬಿಟ್ಟವನನ್ನು ನೋಡಿ ನಮ್ಮ ಸ್ಟ್ಯಾಂಡಿನಲ್ಲಿ ನಗುತ್ತಿದ್ದರು. ನಕ್ಕವರಲ್ಲಿ ನಾನೂ ಒಬ್ಬ. ಹಾಗೆ ಕೂತಿರುವಾಗ ಒಂದು ವಿಷಯ ಹೊಳೆಯಿತು. ಸರ್ವಿಸ್ ಜೀಪಿನಲ್ಲಿ ಎಲ್ಲರಿಗಿಂತ ಮೊದಲು ಬಂದು ಕೂತವನೇ ಎಲ್ಲರಿಗಿಂತ ಹೆಚ್ಚು ಹೊತ್ತು ಕಾಯುವವನು. ಇದು ಅಷ್ಟು ವರ್ಷದಲ್ಲಿ ನನ್ನ ತಲೆಗೆ ಹೋಗಿರಲಿಲ್ಲ. ಹೋಗುವುದು ಹೇಗೆ, ನಾನು ಎಲೆಯಡಿಕೆ ಹಾಕಿಕೊಂಡು ಹೊರಗೆ ನಿಂತಿರುತ್ತಿದ್ದೆನಲ್ಲ. ನಿಜ ಹೇಳುತ್ತೇನೆ, ನಾಚಿಕೆಯಾಯಿತು.

ಗುರುತು ತೆಗೆದೆ. ವಾರಿಜಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡೆ. ರೈಲು ಸುಳ್ಯ ಬಿಟ್ಟಿತು, ಬೆಳ್ಳಾರೆಯ ಗುಡ್ಡವನ್ನು ನಿಧಾನಕ್ಕೆ ಬಳಸಿತು. ಕಾಣಿಯೂರು ಬರುವಾಗ ನಾನು ಮೌಸಿನಿಂದ ಕೈ ತೆಗೆದು ಕೂತೆ. ಅಲ್ಲಿ ಒಂದು ಗಳಿಗೆ ನಿಂತು, ಯಾರನ್ನೂ ಕಾಯದೆ, ತನ್ನಷ್ಟಕ್ಕೆ ಹೊರಟು ಪುತ್ತೂರು ಸೇರಿತು. ಹಿಂದಿನ ರೈಲುಗಳೂ ಒಂದೊಂದಾಗಿ ಬಂದವು. ಹಳಿ ಉಳಿಯಿತು ಎಂದು ಶೈಲಜಾ ಬರೆದಳು.

"ಎಷ್ಟು ಜನ ಉಂಟು ಅದರಲ್ಲಿ?" ಎಂದು ವಾರಿಜ ಕೇಳಿದಳು.

ನಾಲ್ಕೇ ಜನ ಎಂದು ಹೇಳಲು ನನಗೆ ಸಂಕೋಚ. ಆದರೂ ಹೇಳಿದೆ.

ಅವಳು ಕನ್ನಡಕ ಸರಿಮಾಡಿಕೊಂಡು ಪರದೆಯನ್ನೇ ನೋಡಿದಳು. "ಹಾಗಾದ್ರೆ ಎಲ್ಲರಿಗೂ ಕಿಟಕಿ ಸಿಕ್ಕಿತು" ಎಂದಳು.

ಮದುವೆಯಾದಂದಿನಿಂದ ಜೀಪು ಮಾರುವವರೆಗೆ, ಹಳ್ಳಿಯ ಮನೆಯಿಂದ ಪೇಟೆಗೆ ಹೊರಟಾಗಲೆಲ್ಲ ಅವಳು ಹಿಂದಿನ ಸೀಟಿನಲ್ಲಿ ನಾಲ್ವರ ನಡುವೆ ಸಿಕ್ಕಿಕೊಂಡು ಬಂದವಳು. ಡ್ರೈವರನ ಹೆಂಡತಿಯಲ್ಲವೇ, ಹೊಂದಿಕೊಳ್ಳಲಿ ಎಂದು ಅಲ್ಲಿ ಕೂರಿಸುತ್ತಿದ್ದವನು ನಾನೇ.